ಬಂಡಿಯ ಕಂಠ

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಮನೆಗಳು ಒಂದನ್ನೊಂದು ಕಣ್ಣಿನಿಂದ ಕಾಣುವುದಕ್ಕಿಂತ ಕಿವಿಯಿಂದ ಅರಿಯುವುದೇ ಹೆಚ್ಚು. ಘಟ್ಟದ ಮೇಲಣ ಊರುಗಳಂತೆ ಇಲ್ಲಿ ಮನೆಗಳು ಬೀದಿಯ ಇಕ್ಕೆಲಗಳಲ್ಲಿ ಸಾಲುಗೊಂಡು ನಿಂತಿರುವುದಿಲ್ಲ. ಗುಡ್ಡೆಯ ಬುಡದಲ್ಲಿ ಒಂದು ಮನೆ, ಅದರ ಮುಂದೆ ಅಂಗಳ, ಅಂಗಳದ ಕೆಳಗೆ ಅಡಕೆಯ ತೋಟ, ತೋಟದ ತಗ್ಗಿನಲ್ಲಿ ತೋಡು, ತೋಡಿನಾಚೆ ಇನ್ನೊಬ್ಬರ ತೋಟ, ಅದರ ಮೇಲುಗಡೆ ಇನ್ನೊಂದು ಮನೆ. ನಡುವೆ ಮರಗಳ ದಟ್ಟವಾದ ಮರೆ. ಆದುದರಿಂದ ಜಗಲಿಯಲ್ಲಿ ಕುಳಿತ ಹಿರಿಯರಿಗೆ ಕಿವಿಯೇ ಕಾವಲುಗಾರನು. ನಾಯಿಯು ಬೊಗಳುವ ರೀತಿಯಿಂದಲೇ ಬಂದವನು ಪರಿಚಿತನೋ ಹೊಸಬನೋ ಎಂಬುದನ್ನು ಅವರು ತಿಳಿಯುವರು. ಸೋಗೆಯು ಬಿದ್ದ ಸದ್ದಿನಿಂದ ಅದು ಯಾರ ತೋಟದ್ದೆಂದು ಹೇಳುವರು. ಕಾಣಿಯೂರಿನ ಕಡೆಯಿಂದ ರೈಲಿನ ಕೂಗು ಕೇಳಿದರೆ ಗಡಿಯಾರವನ್ನು ನೋಡುವ ಅಗತ್ಯವೇ ಇಲ್ಲ. ತೋಡಿನಾಚೆಯ ಮನೆಯಲ್ಲಿ ಕೂಸು ಅತ್ತರೆ ಈಚೆಯ ಮನೆಯವರಿಗೆ ಅದು ಹಸಿವಿನ ಅಳುವೋ ಹೊಟ್ಟೆನೋವಿನ ಅಳುವೋ ಎಂಬ ಭೇದ ಗೊತ್ತಾಗುವುದು. ಇಂತಹ ಸೀಮೆಯಲ್ಲಿ ಸದ್ದೆಂಬುದು ಒಂದು ವಿಧದ ನೆರೆಹೊರೆಯೇ ಸರಿ.

ಮೋಟಾರಿನ ಸದ್ದೂ ಈ ಜಿಲ್ಲೆಗೆ ಹೊಸತಲ್ಲ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯು ಹುಟ್ಟಿತು, ಜನರು ಸಿ.ಪಿ.ಸಿ. ಎಂದು ಕರೆದ ಆ ಕಂಪೆನಿಯ ಬಸ್ಸುಗಳ ಹೆಸರು ಹಳಬರ ಬಾಯಲ್ಲಿ ಇಂದಿಗೂ ಉಳಿದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ, ಬಸ್ಸಿನ ಹಿಂಬದಿಗೆ ಉಕ್ಕಿನ ಪೀಪಾಯಿಯೊಂದನ್ನು ಕಟ್ಟಿ, ಅದರಲ್ಲಿ ಇದ್ದಲನ್ನು ಉರಿಸಿ, ಅದರಿಂದ ಹುಟ್ಟಿದ ಅನಿಲದಿಂದ ಯಂತ್ರವನ್ನು ನಡೆಸಿದರು. ಸಾಕಷ್ಟು ಗಾಳಿ ಸಿಕ್ಕದೆ ಇದ್ದಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುವುದು; ಆ ವಿಷವೇ ಅಂದಿನ ಬಸ್ಸಿಗೆ ಅನ್ನವಾಗಿದ್ದಿತು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯುತ್ತಿದ್ದರೆಂದೂ, ಕೆಲವೊಮ್ಮೆ ದೂಡುತ್ತಿದ್ದರೆಂದೂ ವೃದ್ಧರು ನಕ್ಕು ಹೇಳುವುದುಂಟು. ಆ ಬಂಡಿಗಳು ಏದುಸಿರು ಬಿಡುತ್ತಿದ್ದವು. ಆದರೆ ಅದು ಶ್ರಮದ ಸದ್ದು. ಶ್ರಮಪಡುವವನ ಉಸಿರನ್ನು ಕೇಳಿ ಯಾರೂ ಬೇಸರಿಸುವುದಿಲ್ಲ.

ಇಲ್ಲಿ ಹೇಳಹೊರಟಿರುವುದು ಬೇರೊಂದು ಸದ್ದಿನ ಕಥೆ.

ಮೊದಲು ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಒಂದು ಗ್ರಾಮದಲ್ಲಿ ಅಡಕೆಯ ಕೃಷಿಯ ಒಂದು ಮನೆ. ಯಜಮಾನರಿಗೆ ಅರುವತ್ತು ದಾಟಿದೆ, ಮಿತಭಾಷಿಗಳು. ಒಬ್ಬನೇ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವನು, 2020ರ ಮಹಾಮಾರಿಯ ಕಾಲದಲ್ಲಿ ಊರಿಗೆ ಬಂದು, ಮನೆಯಿಂದಲೇ ಕೆಲಸ ಮಾಡುವ ಅಭ್ಯಾಸವಾಗಿ, ಇಲ್ಲಿಯೇ ನಿಂತನು. ತಾನು ಗಳಿಸಿದ ಹಣದಿಂದ ಬೇರೊಬ್ಬರು ಎರಡು ಮೂರು ವರ್ಷ ಓಡಿಸಿದ್ದ ಒಂದು ಪೆಟ್ರೋಲು ಕಾರನ್ನು ಕೊಂಡನು. ಕಾರು ಒಳ್ಳೆಯದೇ. ಮೆಲ್ಲನೆ ಬಂದು ಮೆಲ್ಲನೆ ನಿಲ್ಲುತ್ತಿದ್ದಿತು. ಅದೇ ಅವನಿಗೆ ಕೊರತೆಯಾಗಿ ಕಂಡಿತು. ಸುಬ್ರಹ್ಮಣ್ಯದ ಹಾದಿಯಲ್ಲಿಯೂ ಸಂಪಾಜೆಯ ಘಾಟಿಯಲ್ಲಿಯೂ ಓಡುವ ಕೆಲವು ಗೆಳೆಯರ ಕಾರುಗಳು ಸಿಂಹದಂತೆ ಗರ್ಜಿಸುತ್ತಿದ್ದವು. ಯಂತ್ರವನ್ನು ಬದಲಾಯಿಸುವಷ್ಟು ಹಣವಿಲ್ಲದವನಿಗೆ ಗರ್ಜನೆಯನ್ನಾದರೂ ಬದಲಾಯಿಸಬಹುದೆಂಬ ಉಪದೇಶ ದೊರೆಯಿತು. ಹಳೆಯ ಸೈಲೆನ್ಸರನ್ನು ತೆಗೆದು, ಹೊರಗಿನ ಅಂಗಡಿಯಲ್ಲಿ ಮಾರುವ, ಹೊಗೆಗೆ ತಡೆಯಿಲ್ಲದ ಹೊಸ ನಳಿಗೆಯನ್ನು ಹಾಕಿಸುವುದೆಂದು ನಿಶ್ಚಯವಾಯಿತು.

ಈ ಸೈಲೆನ್ಸರೆಂಬ ವಸ್ತು ಯಾವುದೆಂಬುದನ್ನು ಸ್ವಲ್ಪ ವಿವರಿಸದಿದ್ದರೆ ಕಥೆಯ ಮರ್ಮವು ತಿಳಿಯದು.

ಷಡಂಗಗಳಲ್ಲಿ ಶಿಕ್ಷೆಯೆಂಬುದು ಉಚ್ಚಾರಣೆಯ ಶಾಸ್ತ್ರ. ಮನುಷ್ಯನಲ್ಲಿ ಧ್ವನಿಯು ಹೇಗೆ ಹುಟ್ಟುವುದೆಂಬುದಕ್ಕೆ ಪಾಣಿನೀಯ ಶಿಕ್ಷೆಯು ಒಂದು ಕ್ರಮವನ್ನು ಹೇಳುವುದು: ಮನಸ್ಸು ದೇಹದೊಳಗಣ ಅಗ್ನಿಯನ್ನು ಎಬ್ಬಿಸುವುದು, ಅಗ್ನಿಯು ವಾಯುವನ್ನು ಪ್ರೇರಿಸುವುದು, ಆ ವಾಯುವು ಎದೆಯಲ್ಲಿ ಸಂಚರಿಸಿ ಸ್ವರವಾಗುವುದು. ಮೋಟಾರಿನ ಧ್ವನಿಯೂ ಅಕ್ಷರಶಃ ಹೀಗೆಯೇ ಹುಟ್ಟುವುದೆಂಬುದು ವಿಸ್ಮಯ. ಯಂತ್ರದ ಪ್ರತಿಯೊಂದು ಕೊಳವೆಯಲ್ಲಿ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಗೆ ಎಳೆಯುವುದು, ಒತ್ತುವುದು, ಕಿಡಿಯಿಂದ ಉರಿಸುವುದು, ಉರಿದುದನ್ನು ಹೊರದೂಡುವುದು ಎಂಬ ನಾಲ್ಕು ಕ್ರಿಯೆಗಳು ನಡೆಯುವುವು. ನಾಲ್ಕನೆಯ ಕ್ರಿಯೆಗಾಗಿ ಕವಾಟವು ತೆರೆದಾಗ, ಒಳಗಿನ ಉರಿಗಾಳಿಯಲ್ಲಿ ಇನ್ನೂ ಒತ್ತಡ ಉಳಿದಿರುವುದು. ಅದು ಒಮ್ಮೆಗೇ ಹೊರಕ್ಕೆ ಚಿಮ್ಮುವುದು. ಆ ಚಿಮ್ಮುವಿಕೆಯೇ ಸದ್ದು. ನಾಲ್ಕು ಕೊಳವೆಗಳ ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ಇಂತಹ ಸ್ಫೋಟವು ಹೊರಬೀಳುವುದು. ತಡೆಯೇ ಇಲ್ಲದಿದ್ದರೆ ಆ ನೂರು ಸ್ಫೋಟಗಳೂ ಕಿವಿಯ ಮೇಲೆ ಬೀಳುವುವು.

ಇದನ್ನು ಅಡಗಿಸುವ ಉಪಾಯಕ್ಕೆ ಅಮೆರಿಕದ ರೀವ್ಸ್ ಸಹೋದರರು 1897ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದರು. ಉಪಾಯವು ಸರಳವಾದುದು. ಚಿಮ್ಮಿ ಬಂದ ಗಾಳಿಯನ್ನು ಕಿರಿದಾದ ನಳಿಗೆಯಿಂದ ವಿಶಾಲವಾದ ಒಂದು ಕೋಣೆಗೆ ಬಿಡುವುದು. ಅಲ್ಲಿ ಅದು ಹರಡಿ ತನ್ನ ಆವೇಶವನ್ನು ಕಳೆದುಕೊಳ್ಳುವುದು. ಗೋಡೆಗೆ ತಾಗಿ ಹಿಂದಿರುಗಿದ ಅಲೆಯು ಮುಂದೆ ಬರುವ ಅಲೆಯನ್ನು ಎದುರಿಸಿ, ಎರಡೂ ಪರಸ್ಪರವಾಗಿ ಅಡಗುವುವು. ಕೆಲವು ಸೈಲೆನ್ಸರುಗಳಲ್ಲಿ ತೂತುಗಳುಳ್ಳ ನಳಿಗೆಯ ಸುತ್ತಲೂ ಗಾಜಿನ ನಾರನ್ನು ತುಂಬಿರುವರು. ಸದ್ದು ಆ ನಾರಿನಲ್ಲಿ ಸಿಲುಕಿ ಶಾಖವಾಗಿ ಹೋಗುವುದು. ತಡೆಯು ಅತಿಯಾದರೆ ಯಂತ್ರಕ್ಕೆ ಉಸಿರು ಕಟ್ಟುವುದು. ತೀರ ಕಡಮೆಯಾದರೆ ಗರ್ಜನೆ. ಹೆಣ್ಣುಹುಲಿಯು ತನ್ನ ಮರಿಯನ್ನು ಹಲ್ಲುಗಳಲ್ಲಿ ಕಚ್ಚಿಕೊಂಡು ಹೋಗುವಾಗ ನೋಯಿಸದೆಯೂ ಬೀಳಿಸದೆಯೂ ಒಯ್ಯುವ ಬಗೆಯನ್ನು ಅದೇ ಶಿಕ್ಷೆಯು ಅಕ್ಷರೋಚ್ಚಾರಣೆಗೆ ಹೋಲಿಕೆಯಾಗಿ ಕೊಟ್ಟಿದೆ. ಕಾರನ್ನು ನಿರ್ಮಿಸಿದವರು ಸೈಲೆನ್ಸರಿನ ಅಳತೆಯನ್ನು ಗೊತ್ತುಮಾಡುವುದು ಅಂತಹ ಹದದಿಂದಲೇ. ಹಿಂಬದಿಯ ಸೈಲೆನ್ಸರನ್ನು ಮಾತ್ರ ಬದಲಾಯಿಸಿದುದರಿಂದ ಸಾಮಾನ್ಯ ಕಾರಿಗೆ ದೊರೆಯುವ ಬಲವು ಅತ್ಯಲ್ಪ. ಕೆಲವು ವೇಳೆ ಮೆಲ್ಲನೆ ಏರುವಾಗ ಇದ್ದ ಬಲವೂ ತಗ್ಗುವುದುಂಟು. ಹೆಚ್ಚುವುದು ಸದ್ದು ಮಾತ್ರ.

ಯಂತ್ರಕ್ಕೂ ಸೈಲೆನ್ಸರಿಗೂ ನಡುವೆ ಇನ್ನೊಂದು ಪೆಟ್ಟಿಗೆಯಿರುವುದು. ಅದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರು. ಅದರೊಳಗೆ ಜೇನುಹಲ್ಲೆಯಂತೆ ಅಸಂಖ್ಯಾತ ರಂಧ್ರಗಳುಳ್ಳ ಇಟ್ಟಿಗೆಯೊಂದು. ರಂಧ್ರಗಳ ಗೋಡೆಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪ. ಉರಿದ ಗಾಳಿಯಲ್ಲಿರುವ ವಿಷಗಳು ಆ ಲೋಹಗಳ ಸಾನ್ನಿಧ್ಯದಲ್ಲಿ ನಿರುಪದ್ರವಿಗಳಾಗುವುವು. ಹಿಂದೆ ಯುದ್ಧಕಾಲದ ಬಸ್ಸಿಗೆ ಅನ್ನವಾಗಿದ್ದ ಆ ಕಾರ್ಬನ್ ಮೊನಾಕ್ಸೈಡು ಇಲ್ಲಿ ಪೂರ್ಣವಾಗಿ ಉರಿದು ಶಾಂತವಾಗುವುದು. 1995ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಇದನ್ನು ಕಡ್ಡಾಯಮಾಡಿದರು. ಸೀಸವು ಈ ಲೇಪವನ್ನು ಕೆಡಿಸುವುದರಿಂದ 2000ನೆಯ ಇಸವಿಯಲ್ಲಿ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಆಯಿತು. ಹೊರಗಿನಿಂದ ನೋಡಿದರೆ ಈ ಪೆಟ್ಟಿಗೆಯು ಒಂದು ತುಕ್ಕುಬಣ್ಣದ ಡಬ್ಬಿ ಮಾತ್ರ.

ನವರಾತ್ರಿಯು ಕಳೆದ ಮೇಲೆ ಮಗನು ಕಾರನ್ನು ನಗರದ ಒಂದು ಅಂಗಡಿಗೆ ಒಯ್ದನು. ಕಣ್ಣಿನ ವೈದ್ಯರನ್ನು ಕಾಣಬೇಕಾಗಿದ್ದ ತಂದೆಯೂ ಜೊತೆಯಲ್ಲಿದ್ದರು. ಕಾರನ್ನು ಮೇಲಕ್ಕೆತ್ತಿದರು, ತುಕ್ಕುಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟರು, ಬಾರದ ಒಂದನ್ನು ಕತ್ತರಿಸಿದರು. ಹಳೆಯ ಸೈಲೆನ್ಸರನ್ನು ರಬ್ಬರಿನ ತೂಗುಪಟ್ಟಿಗಳಿಂದ ಕಳಚಿ ನೆಲದ ಮೇಲೆ ಎಸೆದರು. ಬಳಿಕ ಅಂಗಡಿಯವನು, ಮುಂದಿನ ಆ ಡಬ್ಬಿಯಿದ್ದರೆ ಸದ್ದು ಪೂರ್ತಿಯಾಗಿ ಬಿಚ್ಚುವುದಿಲ್ಲವೆಂದೂ, ಅದನ್ನು ತೆಗೆದು ನೇರವಾದ ನಳಿಗೆಯನ್ನು ಬೆಸೆದರೆ ಕಾರು ಹಗುರವಾಗುವುದೆಂದೂ, ಹಳೆಯದನ್ನು ತಾನೇ ಇಟ್ಟುಕೊಂಡು ಎರಡು ಸಾವಿರ ರೂಪಾಯಿಗಳನ್ನು ಕಡಮೆಮಾಡುವೆನೆಂದೂ ಹೇಳಿದನು. ಎರಡು ಸಾವಿರ ಉಳಿಯಿತೆಂದು ಮಗನಿಗೆ ಸಂತೋಷ. ಆ ಡಬ್ಬಿಯೊಳಗಿದ್ದ ಲೋಹದ ಬೆಲೆಯನ್ನು ಅಂಗಡಿಯವನು ಬಲ್ಲ, ಇವನು ಅರಿಯ. ಡಬ್ಬಿಯ ಹಿಂದೆ ಗಾಳಿಯ ಗುಣವನ್ನು ಪರೀಕ್ಷಿಸುವ ಒಂದು ಸೂಕ್ಷ್ಮ ಉಪಕರಣವಿರುವುದು. ಡಬ್ಬಿಯಿಲ್ಲವೆಂಬುದನ್ನು ಅದು ಕೂಡಲೇ ಕಂಡುಹಿಡಿದು ಚಾಲಕನ ಮುಂದೆ ದೀಪವನ್ನು ಉರಿಸುವುದು. ಅದನ್ನೂ ಮೋಸಗೊಳಿಸಲು ಒಂದು ತುಂಡನ್ನು ಸೇರಿಸಿದರು. ಸುಳ್ಳು ಹೇಳಲು ಯಂತ್ರಕ್ಕೂ ಕಲಿಸಿದಂತಾಯಿತು.

ಎಲ್ಲವೂ ಮುಗಿದ ಮೇಲೆ ತಂದೆಯು ನೆಲದ ಮೇಲೆ ಬಿದ್ದಿದ್ದ ಹಳೆಯ ಸೈಲೆನ್ಸರನ್ನು ತೋರಿಸಿ, “ಅದನ್ನು ನಮಗೆ ಕೊಡಿ,” ಎಂದರು. ಅಂಗಡಿಯವನು ನಕ್ಕನು. “ಗುಜರಿಗೂ ಬೇಡದ್ದು, ಅದು ಯಾಕೆ ನಿಮಗೆ?” ಎಂದನು. “ನಮ್ಮದಲ್ಲವೆ?” ಎಂದಷ್ಟೇ ಹೇಳಿ ಅವರು ಅದನ್ನು ಗೋಣಿಯಲ್ಲಿ ಸುತ್ತಿಸಿ ಹಿಂದೆ ಹಾಕಿಸಿಕೊಂಡರು. ಮಗನಿಗೆ ನಾಚಿಕೆಯಾಯಿತು.

ಅಂದು ಸಂಜೆ ಕಾರು ಊರನ್ನು ಪ್ರವೇಶಿಸಿದ ವೈಭವವನ್ನು ವರ್ಣಿಸಬೇಕಾಗಿಲ್ಲ. ಏರಿನಲ್ಲಿ ಗುಡುಗು, ಇಳಿಜಾರಿನಲ್ಲಿ ಪಟಾಕಿ. ಕೊಟ್ಟಿಗೆಯ ದನಗಳು ಹಗ್ಗ ಜಗ್ಗಿದವು. ಹುಡುಗರು ಓಡಿ ಬಂದರು, ಅವರಿಗೆ ಹಬ್ಬ. ಮನೆಯ ತಾಯಿಯು, “ಇದು ಕೆಟ್ಟು ಹೋಯಿತೇ ಮಗಾ?” ಎಂದು ಕೇಳಿದರು.

ದೀಪಾವಳಿಯ ಮರುದಿನ ಜಗಲಿಯಲ್ಲಿ ಈ ವಿಷಯವಾಗಿ ಒಂದು ವಾದವೂ ನಡೆಯಿತು. ನೆಂಟರಲ್ಲಿ ಒಬ್ಬರು ಮಗನನ್ನು ಆಕ್ಷೇಪಿಸಿದಾಗ ಅವನು ಸುಮ್ಮನಿರಲಿಲ್ಲ. ಅವನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲವೆಂಬುದನ್ನು ಒಪ್ಪಬೇಕು. “ಯಕ್ಷಗಾನದ ಚೆಂಡೆ ಎರಡು ಮೈಲು ಕೇಳುತ್ತದೆ. ಭಜನೆಗೆ ಮೈಕು ಕಟ್ಟುತ್ತೀರಿ. ಮಂಗಗಳನ್ನು ಓಡಿಸಲು ಗರ್ನಾಲು ಸಿಡಿಸುತ್ತೀರಿ. ಜಾತ್ರೆಯಲ್ಲಿ ಸುಡುಮದ್ದು. ನನ್ನ ಕಾರಿನ ಸದ್ದು ಮಾತ್ರ ನಿಮ್ಮ ಕಿವಿಗೆ ಮುಳ್ಳೇ?” ಎಂದನು. ನೆಂಟರಿಗೆ ಉತ್ತರ ಹೊಳೆಯಲಿಲ್ಲ. ಎಲೆಯಡಕೆ ಹಾಕುತ್ತಿದ್ದ ತಂದೆಯು ನಿಧಾನವಾಗಿ ಹೇಳಿದರು: “ಮಾಣೀ, ಆಟವಿದ್ದರೆ ಮೊದಲೇ ಕರಪತ್ರ ಬರುತ್ತದೆ. ಇಂಥ ದಿನ, ಇಂಥ ಗದ್ದೆ, ಬೆಳಗಾದರೆ ಮಂಗಳ. ಬೇಡವಾದವನು ಆ ಒಂದು ರಾತ್ರಿ ತಡೆದುಕೊಳ್ಳುತ್ತಾನೆ. ಚೆಂಡೆಯವನಿಗೆ ಬಿಡ್ತಿಗೆ ತಿಳಿದಿದೆ. ನಿನ್ನದಕ್ಕೆ ಮಂಗಳ ಯಾವಾಗ?” ಮಗನು ಎದ್ದು ಹೋದನು. ತಂದೆಯು ಮತ್ತೆ ಆ ಮಾತನ್ನು ಎತ್ತಲಿಲ್ಲ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು, ಪ್ರತಿಯೊಂದು ವಾಹನಕ್ಕೂ ಹೊಗೆಯ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರು ಇರಲೇಬೇಕೆಂದು ವಿಧಿಸುವುದು. 1988ರ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ವಾಹನದ ಭಾಗಗಳನ್ನು ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದು ಮಾರ್ಪಾಟಿಗೆ 5000 ರೂಪಾಯಿಗಳ ದಂಡ, ಇಲ್ಲವೆ ಎರಡೂ. ಸದ್ದಿನ ವಿಷಯವಾಗಿ 2000ನೆಯ ಇಸವಿಯ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲಲ್ಲಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು ಮಿತಿಯನ್ನು ಹಾಕಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನೊಳಗೆ ಇನ್ನೂ ಕಡಮೆ. ಈ ಡೆಸಿಬೆಲ್ ಎಂಬ ಅಳತೆಯು ಮುಗ್ಧರನ್ನು ಮೋಸಗೊಳಿಸುವಂತಹುದು: ಹತ್ತು ಹೆಚ್ಚಿದರೆ ಸದ್ದಿನ ಶಕ್ತಿಯು ಹತ್ತು ಪಟ್ಟಾಗುವುದು, ಕಿವಿಗೆ ಸುಮಾರು ಎರಡು ಪಟ್ಟಾಗಿ ತೋರುವುದು. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ಇಂತಹ ಕರ್ಕಶ ನಳಿಗೆಗಳನ್ನು ವಶಪಡಿಸಿಕೊಂಡು, ರಸ್ತೆಯ ಮೇಲೆ ಸಾಲಾಗಿ ಇರಿಸಿ, ರೋಡ್ ರೋಲರನ್ನು ಹರಿಸಿ ಚಪ್ಪಟೆಮಾಡಿದುದನ್ನು ಪತ್ರಿಕೆಗಳಲ್ಲಿ ಕಂಡವರು ಅನೇಕರು. ಈ ಯುವಕನಿಗೂ ಒಮ್ಮೆ ಪೇಟೆಯಲ್ಲಿ ದಂಡ ಬಿದ್ದಿತು. ಕಟ್ಟಿದನು, ಮತ್ತೆ ಅದೇ ಗರ್ಜನೆಯೊಡನೆ ಮನೆಗೆ ಬಂದನು. ದಂಡದಿಂದ ಹಣವು ಹೋಗುವುದೇ ಹೊರತು ಹಮ್ಮು ಹೋಗುವುದಿಲ್ಲ.

ತೋಡಿನಾಚೆಯ ಮನೆಯಲ್ಲಿ ಎಪ್ಪತ್ತೈದು ದಾಟಿದ ಒಬ್ಬ ವೃದ್ಧೆ, ಅವರ ಸೊಸೆ, ಮೊಮ್ಮಗಳಾದ ಒಂದು ಎಳೆಯ ಕೂಸು. ಮಗನು ಕೊಲ್ಲಿಯ ದೇಶದಲ್ಲಿ ದುಡಿಯುತ್ತಿದ್ದನು. ಎರಡು ಮನೆಗಳ ಜಾತಿ ಬೇರೆ, ಮನೆಮಾತು ಬೇರೆ. ಆದರೆ ತೋಡಿಗೆ ಕಟ್ಟ ಕಟ್ಟುವಾಗಲೂ ಅಡಕೆ ಸುಲಿಯುವಾಗಲೂ ಒಂದೇ. ಯಜಮಾನರು ಆ ವೃದ್ಧೆಯನ್ನು ‘ಅಕ್ಕ’ ಎಂದೂ, ಅವರ ಮಗನು ‘ದೊಡ್ಡಮ್ಮ’ ಎಂದೂ ಕರೆಯುವುದು ವಾಡಿಕೆ. ಕಾರು ಮನೆಗೆ ಬರುವ ಮಣ್ಣಿನ ಹಾದಿಯು ಅವರ ಅಂಗಳದ ಎದುರಿಗೇ, ತೋಡಿನ ಈಚೆಯ ದಡದಲ್ಲಿ ತಿರುಗುವುದು. ಚಳಿಗಾಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿಯು ತಗ್ಗಿನಲ್ಲಿ ನೆಲಸಿ, ಬೆಚ್ಚನೆಯ ಗಾಳಿಯು ಅದರ ಮೇಲೆ ನಿಲ್ಲುವುದರಿಂದ, ಮೇಲಕ್ಕೇರಿದ ಸದ್ದು ಬಾಗಿ ಮತ್ತೆ ತಗ್ಗಿಗೇ ಇಳಿಯುವುದು. ಹಗಲಲ್ಲಿ ಗುಡ್ಡೆಯಲ್ಲಿ ಕರಗಿಹೋಗುವ ಧ್ವನಿಯು ಇರುಳಿನಲ್ಲಿ ಕಣಿವೆಯನ್ನೇ ತುಂಬುವುದು. ಹೀಗೆ ಆ ಯುವಕನು ರಾತ್ರಿ ಹನ್ನೊಂದಕ್ಕೆ ಮನೆಗೆ ಹಿಂದಿರುಗಿದಾಗಲೆಲ್ಲ ಆಚೆಯ ಮನೆಯ ಕೂಸು ಬೆಚ್ಚಿ ಏಳುತ್ತಿದ್ದಿತು. ಅದನ್ನು ಮತ್ತೆ ಮಲಗಿಸಲು ಒಂದು ಗಂಟೆ.

ಆದರೆ ಆ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಯುವಕನು ಇದನ್ನು ಸಮ್ಮತಿಯೆಂದು ತಿಳಿದನು. ಅವರು ಪೇಟೆಗೆ ಹೋಗುವ ಸಂಕವು ಇವರ ಜಾಗದಲ್ಲಿದೆ. ಬೇಸಗೆಯಲ್ಲಿ ಅವರ ತೋಟಕ್ಕೆ ನೀರು ಇವರ ಪಂಪಿನಿಂದ ಹೋಗುವುದು. ಗಂಡಸರಿಲ್ಲದ ಮನೆಗೆ ಸಕಾಲದಲ್ಲಿ ನೆರವಾಗುವವರೂ ಇವರೇ. ಉಪಕಾರಕ್ಕೆ ಒಳಗಾದವರ ಮೌನವು ಸಮ್ಮತಿಯಲ್ಲ. ಅದು ತೀರಿಸಲಾಗದ ಸಾಲದ ಬಡ್ಡಿ. ಇದನ್ನು ಅರಿಯಲು ಕಿವಿಗೆ ವಯಸ್ಸಾಗಬೇಕು.

ಧನುರ್ಮಾಸದ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಆಚೆಯ ಮನೆಯ ಸೊಸೆಯು ಟಾರ್ಚನ್ನು ಹಿಡಿದು, ಕೂಸನ್ನು ಸೊಂಟಕ್ಕಿಟ್ಟು, ಸಂಕವನ್ನು ದಾಟಿ ಓಡಿ ಬಂದಳು. ಅತ್ತೆಗೆ ಎದೆನೋವು, ಮೈಯೆಲ್ಲ ಬೆವರು. ಆಂಬುಲೆನ್ಸು ಬರುವವರೆಗೆ ಕಾಯುವ ಸ್ಥಿತಿಯಿರಲಿಲ್ಲ. ಯುವಕನು ಒಂದು ಕ್ಷಣವನ್ನೂ ಕಳೆಯಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತಂದೆಯೂ ಅವನೂ ವೃದ್ಧೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಸಂಕದ ಮೇಲಿಂದ ಎತ್ತಿ ತಂದು ಕಾರಿನ ಹಿಂಬದಿಯಲ್ಲಿ ಮಲಗಿಸಿದರು. ಸೊಸೆಯು ಅವರ ತಲೆಯನ್ನು ತೊಡೆಯ ಮೇಲಿರಿಸಿಕೊಂಡಳು; ಕೂಸು ಯಜಮಾನರ ಮನೆಯಲ್ಲಿ ಉಳಿಯಿತು. ಕಾರು ಪುತ್ತೂರಿನ ಕಡೆಗೆ ಹೊರಟಿತು.

ಗರ್ಜನೆಯು ಹೊರಗೆ ಹೇಗಿದ್ದರೂ ಒಳಗೆ ಕುಳಿತವರಿಗೆ ಅದು ಬೇರೆಯೇ ರೂಪದಲ್ಲಿ ಕೇಳುವುದು. ಸೆಕೆಂಡಿಗೆ ನೂರರಂತೆ ಬರುವ ಆ ಮಿಡಿತಕ್ಕೆ ಕಾರಿನ ತಗಡೂ ನೆಲವೂ ಸೀಟೂ ಅನುರಣಿಸಿ, ಒಂದು ಗುಂಯ್‌ಗುಟ್ಟುವಿಕೆಯು ಎದೆಯನ್ನೂ ತಲೆಯನ್ನೂ ತುಂಬುವುದು. ಮುಂದೆ ಕುಳಿತು ಓಡಿಸುವವನಿಗೆ ಅದು ಉತ್ಸಾಹ. ಹಿಂದೆ, ನಳಿಗೆಯ ಮೇಲೆಯೇ ಎಂಬಂತೆ, ನೋವಿನಿಂದ ಮಲಗಿದವರಿಗೆ ಅದೇನು? “ಮಗಾ, ಸ್ವಲ್ಪ ಮೆಲ್ಲ,” ಎಂದರು ವೃದ್ಧೆ. ವೇಗಕ್ಕೆ ಹೆದರಿದರೆಂದು ತಿಳಿದು ಅವನು ವೇಗವನ್ನು ತಗ್ಗಿಸಿ ಕೆಳಗಿನ ಗೇರಿಗೆ ಇಳಿಸಿದನು. ಸದ್ದು ಇಮ್ಮಡಿಯಾಯಿತು. ವೃದ್ಧೆಯು ಎರಡು ಕೈಗಳನ್ನೂ ಎತ್ತಿ ಕಿವಿಗಳನ್ನು ಮುಚ್ಚಿಕೊಂಡರು. ಕೆಲವು ನಿಮಿಷಗಳಲ್ಲಿ ಆ ಕೈಗಳು ತಾವಾಗಿ ಜಾರಿ ಬಿದ್ದವು.

ಸೊಸೆಯು, “ಅತ್ತೇ, ಅತ್ತೇ,” ಎಂದು ಕರೆದಳು. ಉತ್ತರ ಬಂದಿತೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ. ಮೂಗಿನ ಬಳಿ ಕಿವಿಯಿಟ್ಟಳು; ಉಸಿರಿನ ಸದ್ದು ಆ ಗರ್ಜನೆಯಲ್ಲಿ ಹೇಗೆ ಕೇಳೀತು? “ಒಮ್ಮೆ ನಿಲ್ಲಿಸಿ!” ಎಂದು ಕೂಗಿದಳು. ಅವನು ಕಾಣಿಯೂರು ದಾಟಿದ ಮೇಲೆ ಹಾದಿಯ ಬದಿಗೆ ನಿಲ್ಲಿಸಿ ಯಂತ್ರವನ್ನು ಆರಿಸಿದನು. ಒಮ್ಮೆಗೇ ಕವಿದ ನಿಶ್ಶಬ್ದದಲ್ಲಿ ಮೂವರೂ ಕಿವಿಗೊಟ್ಟರು. ಉಸಿರು ಇತ್ತು. ಮತ್ತೆ ಹೊರಟರು. ಸವಣೂರಿನ ಬಳಿ ಮತ್ತೆ, “ನಿಲ್ಲಿಸಿ.” ಮತ್ತೆ ನಿಶ್ಶಬ್ದ, ಉಸಿರು ಇತ್ತು. ನರಿಮೊಗರಿನಲ್ಲಿ ಮೂರನೆಯ ಸಲ. ಒಂದೊಂದು ನಿಲುಗಡೆಯೂ ಒಂದು ನಿಮಿಷದ್ದಾಗಿರಬಹುದು. ಆದರೆ ಅಂತಹ ರಾತ್ರಿಯಲ್ಲಿ ನಿಮಿಷವನ್ನು ಗಡಿಯಾರದಿಂದ ಅಳೆಯುವುದಿಲ್ಲ. ತನ್ನ ಕಾರಿನಲ್ಲಿ ಒಂದು ಜೀವವು ಇದೆಯೋ ಇಲ್ಲವೋ ಎಂಬುದನ್ನು ತಿಳಿಯಲು, ತಾನು ಮೂವತ್ತು ಸಾವಿರ ಕೊಟ್ಟು ಕೊಂಡ ಧ್ವನಿಯನ್ನು ಮೂರು ಸಲ ಕೊಲ್ಲಬೇಕಾಯಿತೆಂಬುದು ಆ ಯುವಕನ ಮನಸ್ಸಿನಲ್ಲಿ ನಟ್ಟಿತು. ಆಸ್ಪತ್ರೆಯ ಹೆಬ್ಬಾಗಿಲಿಗೆ ನೂರು ಹೆಜ್ಜೆಗಳಿರುವಾಗಲೇ ಯಂತ್ರವನ್ನು ಆರಿಸಿ, ಇಳಿಜಾರಿನಲ್ಲಿ ಕಾರನ್ನು ತಾನಾಗಿ ಉರುಳಿಸಿಕೊಂಡು ಹೋದನು.

ವೃದ್ಧೆಯು ಬದುಕಿದರು. ಬೆಳಗಾದ ಮೇಲೆ ವೈದ್ಯರು ಸಮಾಧಾನ ಹೇಳಿದಾಗ ಸೊಸೆಯು ಅವನಿಗೆ ಕೈಮುಗಿದು, “ನಿಮ್ಮ ಕಾರು ಇಲ್ಲದಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ,” ಎಂದಳು. ಬೈದಿದ್ದರೆ ಅವನು ಬಹುಶಃ ಸಹಿಸುತ್ತಿದ್ದನು, ವಾದಿಸುತ್ತಲೂ ಇದ್ದನು. ಆ ಕೃತಜ್ಞತೆಗೆ ಅವನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದವನು ಸ್ನಾನಕ್ಕೂ ಹೋಗದೆ ತಂದೆಯ ಬಳಿ ನಿಂತು, “ಅಪ್ಪ, ಆ ಹಳೆಯ ಸೈಲೆನ್ಸರು ಎಲ್ಲಿದೆ?” ಎಂದು ಕೇಳಿದನು. ಅಂಗಳದಲ್ಲಿ ಅಡಕೆಯನ್ನು ಕೆದಕುತ್ತಿದ್ದ ತಂದೆಯು ತಲೆಯೆತ್ತದೆ, “ಅಟ್ಟದಲ್ಲಿದೆ. ಬಲಗಡೆ ಮೂಲೆ,” ಎಂದರು. ಅಟ್ಟದಲ್ಲಿ ಹೊಗೆ ತಾಗುವ ಬೆಚ್ಚನೆಯ ಮೂಲೆಯಲ್ಲಿ, ಗೋಣಿಯ ಮೇಲೆ ಅಡಕೆಯ ಹಾಳೆಯನ್ನು ಸುತ್ತಿ ಕಟ್ಟಿ ಅದನ್ನು ಇರಿಸಿದ್ದರು. ಬಿಚ್ಚಿದಾಗ ಒಂದು ಚುಕ್ಕೆ ತುಕ್ಕೂ ಹೆಚ್ಚಿರಲಿಲ್ಲ. ಮೇಲೆಲ್ಲ ಎಣ್ಣೆ ಸವರಿದ್ದಿತು. ಒಂದು ಸಲ ಸವರಿದ್ದಲ್ಲ, ತಿಂಗಳು ತಿಂಗಳಿಗೆ ಸವರಿದ್ದು ಎಂಬುದು ಪದರದಿಂದ ತಿಳಿಯುತ್ತಿದ್ದಿತು.

ಪುತ್ತೂರಿನ ಒಂದು ಸಣ್ಣ ಗ್ಯಾರೇಜಿನ ಮೇಸ್ತ್ರಿಯು ಅರ್ಧ ದಿನದಲ್ಲಿ ಸೈಲೆನ್ಸರನ್ನು ಮರಳಿ ಕೂಡಿಸಿದನು. ಸದ್ದು ಬಹುಮಟ್ಟಿಗೆ ಅಡಗಿತು. ಆದರೆ ಹೊಗೆಯ ನಾತ ಮಾತ್ರ ಹೋಗಲಿಲ್ಲ. ಮುಂದಿನ ಡಬ್ಬಿಯು ಎಲ್ಲಿ ಎಂದು ಮೇಸ್ತ್ರಿಯು ಕೇಳಿದನು. ಅದು ಆ ಅಂಗಡಿಯವನ ಪಾಲಾಗಿದ್ದಿತು. ಕೇಳಿದಾಗ, ಎಂದೋ ಮಾರಿ ಹೋಯಿತೆಂಬ ಉತ್ತರ ಬಂದಿತು. ಹೊಸದರ ಬೆಲೆಯನ್ನು ವಿಚಾರಿಸಿದರೆ ಆ ಗರ್ಜಿಸುವ ನಳಿಗೆಗೆ ಕೊಟ್ಟುದಕ್ಕಿಂತಲೂ ಹೆಚ್ಚು. ಎರಡು ಸಾವಿರಕ್ಕೆ ಬಿಟ್ಟುಕೊಟ್ಟ ವಸ್ತುವಿನ ನಿಜವಾದ ಬೆಲೆಯು ಅಂದು ತಿಳಿಯಿತು. ಡಬ್ಬಿಯಿಲ್ಲದೆಯೂ ಕಾರು ಓಡುವುದೆಂದೂ, ಹೊಗೆ ಪರೀಕ್ಷೆಯ ಚೀಟಿಗೆ ಬೇರೆ ದಾರಿಗಳಿವೆಯೆಂದೂ ಹೇಳಿಕೊಡುವವರು ಇದ್ದೇ ಇದ್ದರು. ತಂದೆಯು ಅಡಕೆಯನ್ನು ಮಾರಿ ಹಣವನ್ನು ಕೊಡಲು ಮುಂದಾದಾಗ ಮಗನು ಒಪ್ಪಲಿಲ್ಲ. ಎರಡು ತಿಂಗಳ ಸಂಬಳದಿಂದ ಉಳಿಸಿ ಹೊಸ ಡಬ್ಬಿಯನ್ನು ತರಿಸಿ ಹಾಕಿಸಿದನು. ಸುಳ್ಳು ಹೇಳಿಸುತ್ತಿದ್ದ ಆ ತುಂಡನ್ನೂ ತೆಗೆಸಿದನು. ಅಲ್ಲಿಯವರೆಗೆ ಕಾರನ್ನು ಹೊರಗೆ ತೆಗೆಯಲಿಲ್ಲ. ಹೊಳೆಯುವ ಆ ನಳಿಗೆಯನ್ನು ಅರ್ಧ ಬೆಲೆಗೆ ಕೇಳಲು ಗೆಳೆಯನೊಬ್ಬನು ಬಂದಿದ್ದನು. ಅವನಿಗೂ ಕೊಡಲಿಲ್ಲ. ಕತ್ತರಿಸಿ ಎರಡು ತುಂಡುಮಾಡಿಸಿ ಗುಜರಿಗೆ ತೂಕಕ್ಕೆ ಹಾಕಿದನು.

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ಇಲ್ಲಿ ಹೇಳಿ ಯುವಕರನ್ನು ಹಳಿಯುವುದು ಸುಲಭ. ಅದರಿಂದ ಪ್ರಯೋಜನವಿಲ್ಲ. ಒಳಗೆ ಬೆಂಕಿಯಿದ್ದಲ್ಲಿ ಸದ್ದು ಹುಟ್ಟುವುದು ಸ್ವಭಾವ, ಯೌವನವೂ ಅಂತಹುದೇ. ಬೆಂಕಿಯನ್ನು ಆರಿಸಬೇಕೆಂದು ಯಾರೂ ಹೇಳರು. ಆರಿದರೆ ಬಂಡಿಯೇ ನಿಲ್ಲುವುದು. ಅದ್ದರಿಂದ ಹೊರಬರುವ ಉಸಿರು ಪರರ ಕಿವಿಯನ್ನು ಮುಟ್ಟುವ ಮೊದಲು ಒಂದು ಕೋಣೆಯಲ್ಲಿ ನಿಂತು ತಣಿದು ಬರಲಿ ಎಂಬುದಷ್ಟೇ ವಿನಯದ ಅರ್ಥ. ಮನೆಗೆ ಹಿರಿಯನಾದವನು ಅಂತಹ ಒಂದು ಕೋಣೆ. ಅವನು ಕೂಗುವುದಿಲ್ಲ, ಎಸೆದುದನ್ನು ಎತ್ತಿ ತಂದು, ಎಣ್ಣೆ ಸವರಿ, ಕೇಳುವ ದಿನದವರೆಗೆ ಅಟ್ಟದಲ್ಲಿ ಇಟ್ಟಿರುವನು.

ಆ ವರುಷದ ಬೇಸಗೆಯಲ್ಲಿ ವೃದ್ಧೆಯು ಮೆಲ್ಲನೆ ನಡೆದು ತೋಡಿನ ದಡಕ್ಕೆ ಬರುವಷ್ಟು ಚೇತರಿಸಿಕೊಂಡರು. ಒಂದು ಸಂಜೆ ಪಂಪಿನ ಬಳಿ ನಿಂತಿದ್ದ ಯುವಕನನ್ನು ಕಂಡು, “ಕಾರು ಮಾರಿದೆಯಾ ಮಗಾ? ಹೋಗುವುದು ಬರುವುದು ಒಂದೂ ಕೇಳುವುದಿಲ್ಲ,” ಎಂದು ಕೇಳಿದರು.

“ಇಲ್ಲ ದೊಡ್ಡಮ್ಮ, ಇದೆ,” ಎಂದನು ಅವನು.

ಆಚೆಯ ಜಗಲಿಯಲ್ಲಿ ಕೂಸು ನಿದ್ರಿಸುತ್ತಿದ್ದಿತು.